ಮಿದುಳು ಲಿನಕ್ಸಿನದು, ಮುಖ ವಿಂಡೋಸಿನದು

2020ರ ಫೆಬ್ರವರಿಯಲ್ಲಿ ಯೂಟ್ಯೂಬ್‌ನಲ್ಲಿ ಒಂದು ಹಳೆಯ ರೈಲು ಹೊಸದಾಗಿ ಬಂದು ನಿಂತಿತು. ಫ್ರಾನ್ಸಿನ ಲಾ ಸಿಯೋಟಾ ನಿಲ್ದಾಣಕ್ಕೆ ಉಗಿಬಂಡಿ ಬರುವುದನ್ನು ಲೂಮಿಯೆರ್ ಸಹೋದರರು ಚಿತ್ರಿಸಿ 1896ರಲ್ಲಿ ಜನರಿಗೆ ತೋರಿಸಿದ್ದರು. ಒಂದು ನಿಮಿಷವೂ ಇಲ್ಲದ ಆ ಮೂಕಿ ತುಣುಕನ್ನು ಡೆನಿಸ್ ಶಿರ್ಯಾಯೆವ್ ಎಂಬುವರು 4ಕೆ ಗಾತ್ರಕ್ಕೆ ಹಿಗ್ಗಿಸಿ, ಸೆಕೆಂಡಿಗೆ 60 ಫ್ರೇಮ್‌ಗಳಂತೆ ಓಡಿಸಿದ್ದರು. ಹೇಗೆ ಮಾಡಿದಿರಿ ಎಂದು ಕೇಳಿದವರಿಗೆ ಎರಡು ಹೆಸರುಗಳು ಸಿಕ್ಕವು. ಗಾತ್ರ ಹಿಗ್ಗಿಸಿದ್ದು ಟೋಪಾಜ್ ಲ್ಯಾಬ್ಸ್ ಕಂಪನಿಯ ಗಿಗಾಪಿಕ್ಸೆಲ್ ಎಐ. ನಡುನಡುವೆ ಇಲ್ಲದ ಫ್ರೇಮ್‌ಗಳನ್ನು ಹುಟ್ಟಿಸಿದ್ದು ಡೇನ್ ಎಂಬ ಸಂಶೋಧನಾ ಕೋಡ್. ಮೊದಲನೆಯದು ವಿಂಡೋಸ್ ಮತ್ತು ಮ್ಯಾಕ್ ಬಳಕೆದಾರರಿಗೆಂದು ಮಾರುವ ಸರಕು. ಎರಡನೆಯದರ ಜೊತೆಗಿದ್ದ ಟಿಪ್ಪಣಿಯಲ್ಲಿ ಅದನ್ನು ಉಬುಂಟು 16.04 ಎಂಬ ಲಿನಕ್ಸಿನಲ್ಲಿ ಪರೀಕ್ಷಿಸಲಾಗಿದೆ ಎಂದಿತ್ತು. ಕಿಟಕಿಯಿಲ್ಲ, ಗುಂಡಿಯಿಲ್ಲ, ಟರ್ಮಿನಲ್‌ನಲ್ಲಿ ಕಮಾಂಡ್ ಬರೆದು ಓಡಿಸಬೇಕು.

ವಿಡಿಯೊ ಅಪ್‌ಸ್ಕೇಲಿಂಗ್ ತಂತ್ರಾಂಶವನ್ನು ಲಿನಕ್ಸ್‌ಗೆ ಪೋರ್ಟ್ ಮಾಡುವ ಪ್ರಶ್ನೆಯ ಎರಡೂ ಮಗ್ಗುಲುಗಳು ಆ ಒಂದು ತುಣುಕಿನಲ್ಲೇ ಇವೆ. ಹಿಗ್ಗಿಸುವ ಬುದ್ಧಿ ಬಹುಪಾಲು ಲಿನಕ್ಸ್ ಯಂತ್ರಗಳ ಮೇಲೆ ಹುಟ್ಟಿತು. ಅದನ್ನು ಮನೆಮಂದಿ ಬಳಸುವಂತೆ ಮಾಡಿದ ಮುಖ ವಿಂಡೋಸ್‌ನಲ್ಲಿ ತಯಾರಾಯಿತು. ಹಾಗಾಗಿ ಲಿನಕ್ಸ್‌ಗೆ ತರುವವರು ಗಣಿತವನ್ನು ಮತ್ತೆ ಬರೆಯಬೇಕಾಗಿ ಬಂದದ್ದು ಅಪರೂಪ. ಅವರ ಬೆವರು ಹರಿದದ್ದು ಗ್ರಾಫಿಕ್ಸ್ ಡ್ರೈವರ್, ಪ್ಲಗಿನ್, ಫೈಲ್ ಹೆಸರು, ಪೇಟೆಂಟ್, ಪ್ಯಾಕೇಜಿನಂಥ ಸುತ್ತಲಿನ ಸಂಗತಿಗಳಿಗೆ.

ಹಿಗ್ಗಿಸುವುದೆಂದರೆ ಏನು ಎಂಬುದನ್ನು ಲೆಕ್ಕದಲ್ಲಿ ನೋಡಬಹುದು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಮಾದರಿಯ ವಿಸಿಡಿಯಲ್ಲಿ ಒಂದು ಫ್ರೇಮ್‌ಗೆ 352 ಅಡ್ಡ, 288 ಉದ್ದ, ಅಂದರೆ 1,01,376 ಪಿಕ್ಸೆಲ್‌ಗಳು. ಡಿವಿಡಿಯಲ್ಲಿ 720 ಅಡ್ಡ, 576 ಉದ್ದ; ಒಟ್ಟು 4,14,720. ಇಂದಿನ 4ಕೆ ಟಿವಿಯ ಪರದೆಯಲ್ಲಿ 82,94,400. ಡಿವಿಡಿಯ ಒಂದು ಪಿಕ್ಸೆಲ್ ಇದ್ದ ಕಡೆ 20 ಬೇಕು. 19 ಎಲ್ಲಿಂದಲಾದರೂ ಬರಬೇಕು. ಬೈಕ್ಯೂಬಿಕ್, ಲ್ಯಾಂಜೋಸ್ ಮುಂತಾದ ಹಳೆಯ ವಿಧಾನಗಳು ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿಯನ್ನು ಜಾಣತನದಿಂದ ಲೆಕ್ಕ ಹಾಕುತ್ತವೆ. ಫಲಿತಾಂಶ ದೊಡ್ಡದಾಗಿರುತ್ತದೆ, ಮಸುಕಾಗಿಯೂ ಇರುತ್ತದೆ. ನ್ಯೂರಲ್ ನೆಟ್‌ವರ್ಕ್ ಬಹಳಷ್ಟು ಚಿತ್ರಗಳನ್ನು ನೋಡಿ ಕಲಿತ ಅನುಭವದಿಂದ, ಇಲ್ಲಿ ಕೂದಲಿನ ಎಳೆ ಇದ್ದಿರಬೇಕು, ಅಲ್ಲಿ ಇಟ್ಟಿಗೆಯ ಸಂದು ಇದ್ದಿರಬೇಕು ಎಂದು ಊಹಿಸಿ ಬರೆಯುತ್ತದೆ.

ಈ ಊಹೆಗೆ ತಗಲುವ ಶ್ರಮವೂ ಸಣ್ಣದಲ್ಲ. ಎರಡೂವರೆ ತಾಸಿನ ಸಿನಿಮಾದಲ್ಲಿ, ಸೆಕೆಂಡಿಗೆ 25ರಂತೆ, 2,25,000 ಫ್ರೇಮ್‌ಗಳಿರುತ್ತವೆ. ಕಂಪ್ಯೂಟರ್ ಸೆಕೆಂಡಿಗೆ ಒಂದು ಫ್ರೇಮ್ ಹಿಗ್ಗಿಸಿದರೆ ಒಟ್ಟು 62 ತಾಸು 30 ನಿಮಿಷ ಬೇಕು.

ನ್ಯೂರಲ್ ನೆಟ್‌ವರ್ಕ್‌ಗಳಿಗೆ ಮೊದಲು ಈ ಲೋಕ ಬಹುಪಾಲು ವಿಂಡೋಸ್‌ನದಾಗಿತ್ತು. ಹವ್ಯಾಸಿ ವಿಡಿಯೊ ಸಂಸ್ಕರಣೆಯ ಎರಡು ಕಂಬಗಳೆಂದರೆ ಏವರಿ ಲೀ ಬರೆದ ವರ್ಚುವಲ್‌ಡಬ್ ಮತ್ತು 2000ದಲ್ಲಿ ಬೆನ್ ರುಡಿಯಾಕ್-ಗೌಲ್ಡ್ ಶುರುಮಾಡಿದ ಏವಿಸಿಂತ್. ಎರಡರದೂ ಮುಕ್ತ ಸೋರ್ಸ್ ಕೋಡ್. ಆದರೂ ವರ್ಚುವಲ್‌ಡಬ್ ಲಿನಕ್ಸ್‌ಗೆ ಬರಲೇ ಇಲ್ಲ. ಏವಿಸಿಂತ್ ಬರಲು 20 ವರ್ಷ ಹಿಡಿಯಿತು. ಕಾರಣ ಅವುಗಳ ಕಟ್ಟುವಿಕೆಯಲ್ಲೇ ಇತ್ತು. ಏವಿಸಿಂತ್ ತನ್ನ ಸ್ಕ್ರಿಪ್ಟನ್ನು ಉಳಿದ ತಂತ್ರಾಂಶಗಳಿಗೆ ಒಂದು ಸಾಮಾನ್ಯ ಎವಿಐ ಫೈಲಿನಂತೆ ತೋರಿಸಿಕೊಳ್ಳುತ್ತಿತ್ತು. ಆ ವೇಷ ಸಾಧ್ಯವಾದದ್ದು ವಿಡಿಯೊ ಫಾರ್ ವಿಂಡೋಸ್ ಎಂಬ ಮೈಕ್ರೋಸಾಫ್ಟ್ ವ್ಯವಸ್ಥೆಯಿಂದ. ವೇಗಕ್ಕಾಗಿ ಕೋಡ್ ತುಂಬ ಇಂಟೆಲ್ ಅಸೆಂಬ್ಲಿ ಇತ್ತು, ಅದೂ ಮೈಕ್ರೋಸಾಫ್ಟ್ ಕಂಪೈಲರ್‌ಗಷ್ಟೇ ಅರ್ಥವಾಗುವ ಶೈಲಿಯಲ್ಲಿ. ಇನ್ನು ಜನ ಏವಿಸಿಂತ್ ಬಳಸುತ್ತಿದ್ದದ್ದೇ ಅದರ ಪ್ಲಗಿನ್‌ಗಳಿಗಾಗಿ. ಅವೆಲ್ಲ ವಿಂಡೋಸ್‌ಗೆಂದು ಕಟ್ಟಿದ ಡಿಎಲ್‌ಎಲ್ ಫೈಲ್‌ಗಳು. ಕೆಲವಕ್ಕೆ ಸೋರ್ಸ್ ಕೋಡ್ ಇರಲಿಲ್ಲ, ಕೆಲವಕ್ಕೆ ಬರೆದವರೇ ಕಾಣೆಯಾಗಿದ್ದರು.

ಏವಿಎಕ್ಸ್‌ಸಿಂತ್ ಎಂಬ ಹೆಸರಿನಲ್ಲಿ ಒಂದು ಲಿನಕ್ಸ್ ಪೋರ್ಟ್ ಬಂತು. ಎಂಜಿನ್ ಓಡಿತು, ಪ್ಲಗಿನ್‌ಗಳು ಬರಲಿಲ್ಲ, ಬಳಸುವವರೂ ಬರಲಿಲ್ಲ.

2012ರಲ್ಲಿ ಫ್ರೆಡ್ರಿಕ್ ಮೆಲ್‌ಬಿನ್ ಬೇರೆ ದಾರಿ ಹಿಡಿದರು. ಹಳೆಯದನ್ನು ತೇಪೆ ಹಾಕಿ ತರುವ ಬದಲು ವೇಪರ್‌ಸಿಂತ್ ಎಂಬ ಹೊಸ ಎಂಜಿನ್ ಬರೆದು, ಸ್ಕ್ರಿಪ್ಟ್ ಭಾಷೆಯಾಗಿ ಪೈಥಾನ್ ಆರಿಸಿಕೊಂಡರು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಮೊದಲಿನಿಂದಲೇ ಲೆಕ್ಕದಲ್ಲಿದ್ದವು. ಬೇಕಾದ ಪ್ಲಗಿನ್‌ಗಳನ್ನು ಆಸಕ್ತರು ಒಂದೊಂದಾಗಿ ಹೊತ್ತು ತಂದರು. ಅವುಗಳಲ್ಲಿ ಎನ್‌ಎನ್‌ಇಡಿಐ3 ಗಮನಾರ್ಹ. ಗೆರೆಗಳ ನಡುವೆ ಹೊಸ ಗೆರೆ ತುಂಬುವ ಈ ಪುಟ್ಟ ನ್ಯೂರಲ್ ನೆಟ್‌ವರ್ಕ್ ಡೀಪ್ ಲರ್ನಿಂಗ್ ಎಂಬ ಮಾತು ಮನೆಮಾತಾಗುವ ಮೊದಲೇ ಬಂದಿತ್ತು. ಅದು ಕಲಿತ ಅಂಕಿಗಳೆಲ್ಲ ವಿಂಡೋಸ್ ಡಿಎಲ್‌ಎಲ್ ಒಳಗೇ ಅಡಗಿದ್ದವು. ಹೊರತೆಗೆದು ಬೇರೆ ಫೈಲಾಗಿ ಇಡಬೇಕಾಯಿತು. 2013ರಲ್ಲಿ ಕವಲೊಡೆದ ಏವಿಸಿಂತ್ ಪ್ಲಸ್ ಕೂಡ 2020ರಲ್ಲಿ ತನ್ನ 3.5ನೆಯ ಆವೃತ್ತಿಯೊಂದಿಗೆ ಲಿನಕ್ಸ್‌ನಲ್ಲಿ ನೇರವಾಗಿ ಓಡತೊಡಗಿತು. ಅಷ್ಟು ಹೊತ್ತಿಗೆ ಆಟವೇ ಬದಲಾಗಿತ್ತು.

2014ರಲ್ಲಿ ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಚಾವೊ ಡಾಂಗ್ ಮತ್ತು ಸಂಗಡಿಗರು ಎಸ್‌ಆರ್‌ಸಿಎನ್‌ಎನ್ ಎಂಬ ಮಾದರಿಯನ್ನು ಪ್ರಕಟಿಸಿದರು. ಮೂರೇ ಪದರಗಳ ನೆಟ್‌ವರ್ಕ್ ಒಂದು ಬೈಕ್ಯೂಬಿಕ್‌ಗಿಂತ ಚೊಕ್ಕವಾಗಿ ಚಿತ್ರ ಹಿಗ್ಗಿಸಬಲ್ಲದೆಂದು ಅದು ತೋರಿಸಿತು. ಮರುವರ್ಷವೇ ಜಪಾನಿನಲ್ಲಿ, ಅನಿಮೆ ಚಿತ್ರಗಳಿಗೆಂದೇ ಅದನ್ನು ಒಗ್ಗಿಸಿದ ವೈಫು2ಎಕ್ಸ್ ಬಂತು. ಟಾರ್ಚ್ ಎಂಬ ಲುವಾ ಆಧಾರಿತ ಚೌಕಟ್ಟಿನಲ್ಲಿ ಬರೆದ ಅದಕ್ಕೆ ಉಬುಂಟು ಮತ್ತು ಎನ್‌ವಿಡಿಯಾ ಕಾರ್ಡ್ ಬೇಕಿದ್ದವು. ಈಗ ಕೈಕಟ್ಟಿ ನಿಂತವರು ವಿಂಡೋಸ್ ಬಳಕೆದಾರರು! ಅವರಿಗಾಗಿ ಇನ್ನೊಬ್ಬ ಹವ್ಯಾಸಿ ಕ್ಯಾಫೆ ಎಂಬ ಬೇರೊಂದು ಚೌಕಟ್ಟಿನ ಮೇಲೆ ಅದನ್ನು ಮತ್ತೆ ಕಟ್ಟಿ, ಕಿಟಕಿ, ಗುಂಡಿಗಳನ್ನು ಜೋಡಿಸಿ ಹಂಚಿದರು. ಜನರ ಕೈಗೆ ಹೆಚ್ಚು ಸಿಕ್ಕಿದ್ದು ಅದೇ.

ಮುಂದೆ ನಡೆದದ್ದೂ ಅದೇ ಜಾಡಿನಲ್ಲಿ. 2017ರ ಆರಂಭದಲ್ಲಿ ಬಿಡುಗಡೆಯಾದ ಪೈಟಾರ್ಚ್ ಎಂಬ ಚೌಕಟ್ಟು ಲಿನಕ್ಸ್ ಮತ್ತು ಮ್ಯಾಕ್‌ಗಷ್ಟೇ ಇತ್ತು. ವಿಂಡೋಸ್‌ಗೆ ಅಧಿಕೃತವಾಗಿ ಬಂದದ್ದು 2018ರ ಏಪ್ರಿಲ್‌ನಲ್ಲಿ. ಚಿತ್ರ ಹಿಗ್ಗಿಸುವ 2018ರ ಇಎಸ್‌ಆರ್‌ಗ್ಯಾನ್, ಟೆನ್ಸೆಂಟ್‌ನ ಪ್ರಯೋಗಾಲಯದಿಂದ 2021ರಲ್ಲಿ ಬಂದ ರಿಯಲ್-ಇಎಸ್‌ಆರ್‌ಗ್ಯಾನ್, ನಡುವಣ ಫ್ರೇಮ್ ಹುಟ್ಟಿಸುವ ರೈಫ್ ಎಲ್ಲವೂ ಪೈಟಾರ್ಚ್‌ನ ಕೂಸುಗಳು. ಲಿನಕ್ಸ್ ಬಳಸುವವರಿಗೆ ಎಂಜಿನ್ ಕೈಯಲ್ಲೇ ಇತ್ತು. ಆದರೆ ಸರಿಯಾದ ಪೈಥಾನ್ ಆವೃತ್ತಿ, ಅದಕ್ಕೊಪ್ಪುವ ಕೂಡಾ (ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಮಾಡಿಸುವ ಎನ್‌ವಿಡಿಯಾದ ವ್ಯವಸ್ಥೆ), ಅದಕ್ಕೊಪ್ಪುವ ಡ್ರೈವರ್ ಮೂರನ್ನೂ ಹೊಂದಿಸುವಷ್ಟರಲ್ಲಿ ಅರ್ಧ ಜನ ಕೈಬಿಡುತ್ತಿದ್ದರು.

ಇಲ್ಲಿ ಗ್ರಾಫಿಕ್ಸ್ ಕಾರ್ಡಿನ ರಾಜಕಾರಣ ನುಸುಳುತ್ತದೆ. ಎನ್‌ವಿಡಿಯಾ 2007ರಲ್ಲಿ ತಂದ ಕೂಡಾ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಅದರ ದೊಡ್ಡ ಗಿರಾಕಿಗಳಾದ ಸರ್ವರ್‌ಗಳು ಇರುವುದೇ ಲಿನಕ್ಸ್‌ನಲ್ಲಿ. ಆದರೆ ಮನೆಯ ಕಂಪ್ಯೂಟರಿನ ಡ್ರೈವರ್ ಬಹುಕಾಲ ಮುಚ್ಚಿದ ಪೆಟ್ಟಿಗೆಯಾಗಿತ್ತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಆ ಕಂಪನಿಗೆ ಕ್ಯಾಮೆರಾದ ಮುಂದೆಯೇ ಮಧ್ಯದ ಬೆರಳು ತೋರಿಸಿದ್ದರ ಹಿಂದೆ ಇಂಥ ಸಿಟ್ಟೇ ಇತ್ತು. 2022ರ ಮೇನಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಭಾಗದ ಕೋಡನ್ನು ತೆರೆಯಿತು. ಕೂಡಾ ಮಾತ್ರ ಒಳಗೇ ಉಳಿಯಿತು. ಎಎಮ್‌ಡಿ 2016ರಲ್ಲಿ ಶುರುಮಾಡಿದ ಇಂಥದ್ದೇ ವ್ಯವಸ್ಥೆ ಆರ್‌ಒಸಿಎಮ್ ಮೊದಲು ಬಂದದ್ದೇ ಲಿನಕ್ಸ್‌ಗೆ. ಆದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಡುಗಳಲ್ಲಿ ಹಲವು ಅದರ ಅಧಿಕೃತ ಪಟ್ಟಿಯಲ್ಲಿರಲಿಲ್ಲ.

ಗಂಟು ಬಿಡಿಸಿದ್ದು ಆಟಗಳಿಗೆಂದು ಹುಟ್ಟಿದ ಇನ್ನೊಂದು ವ್ಯವಸ್ಥೆ. 2016ರ ಫೆಬ್ರವರಿಯಲ್ಲಿ ಬಿಡುಗಡೆಯಾದ ವಲ್ಕನ್ ಎನ್‌ವಿಡಿಯಾ, ಎಎಮ್‌ಡಿ, ಇಂಟೆಲ್ ಮೂರರ ಮೇಲೂ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಮೊಬೈಲ್ ಫೋನ್‌ಗಳಿಗೆಂದು ಟೆನ್ಸೆಂಟ್ 2017ರಲ್ಲಿ ಮುಕ್ತಗೊಳಿಸಿದ ಎನ್‌ಸಿಎನ್‌ಎನ್ ಎಂಬ ಹಗುರ ಎಂಜಿನ್‌ಗೆ ಮುಂದೆ ವಲ್ಕನ್ ಜೋಡಣೆ ಸಿಕ್ಕಿತು. ಅದರ ಮೂಲ ಕರ್ತೃ ನಿಹುಯಿ ವೈಫು2ಎಕ್ಸ್, ರೈಫ್ ಮತ್ತು ರಿಯಲ್‌ಎಸ್‌ಆರ್ ಎಂಬ ಇನ್ನೊಂದು ಮಾದರಿಯನ್ನು ಒಂದೊಂದಾಗಿ ಈ ಎಂಜಿನ್ ಮೇಲೆ ತಂದರು. ಪೈಥಾನ್ ಬೇಡ, ಕೂಡಾ ಬೇಡ. ಒಂದು ಜಿಪ್ ಇಳಿಸಿ ಬಿಚ್ಚಿದರೆ ಸಾಕು. ಎನ್‌ವಿಡಿಯಾ ಕಾರ್ಡಿನ ಮೇಲೆ ಅದೇ ಕಂಪನಿಯ ಟೆನ್ಸರ್‌ಆರ್‌ಟಿ ಇದಕ್ಕಿಂತ ವೇಗವಾಗಿ ಓಡುತ್ತದೆ, ನಿಜ. ಆದರೆ ಮೂರು ಕಂಪನಿಯ ಕಾರ್ಡುಗಳಿಗೂ ಒಂದೇ ಕೋಡ್ ಎಂಬುದು ಪೋರ್ಟ್ ಮಾಡುವವರಿಗೆ ಸಣ್ಣ ನೆಮ್ಮದಿಯಲ್ಲ. ಲಿನಕ್ಸ್‌ಗೆ ಆಮೇಲೆ ಬಂದ ಸರಳ ತಂತ್ರಾಂಶಗಳಲ್ಲಿ ಹೆಚ್ಚಿನವು ಈ ತಳದ ಮೇಲೆಯೇ ನಿಂತಿವೆ. ಚಿತ್ರಗಳನ್ನು ಹಿಗ್ಗಿಸುವ, ಲಿನಕ್ಸ್‌ಗೇ ಮೊದಲ ಮಣೆ ಎಂದು ಸಾರಿಕೊಂಡ ಅಪ್‌ಸ್ಕೇಲ್ ಅವುಗಳಲ್ಲೊಂದು.

ಇಡೀ ಪಯಣವನ್ನು ಒಂದೇ ಯೋಜನೆಯಲ್ಲಿ ನೋಡಬೇಕೆಂದರೆ ವಿಡಿಯೊ2ಎಕ್ಸ್ ಇದೆ. 2018ರಲ್ಲಿ ಕೆನಡಾದ ಒಂದು ಹ್ಯಾಕಥಾನ್‌ನಲ್ಲಿ ಹುಟ್ಟಿದ ಇದರ ಮೊದಲ ರೂಪ ಪೈಥಾನ್‌ನಲ್ಲಿತ್ತು. ವಿಂಡೋಸ್‌ನ ಸಿದ್ಧ ಇಎಕ್ಸ್‌ಇ ಫೈಲ್‌ಗಳನ್ನು ಹೊರಗಿನಿಂದ ಕರೆದು ಕೆಲಸ ಮಾಡಿಸುತ್ತಿತ್ತು. ವಿಡಿಯೊವನ್ನು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ವಿಡಿಯೊ ಉಪಕರಣದಿಂದ ಬಿಡಿ ಚಿತ್ರಗಳಾಗಿ ಡಿಸ್ಕ್ ಮೇಲೆ ಸುರಿ, ಪ್ರತಿ ಚಿತ್ರವನ್ನೂ ಹಿಗ್ಗಿಸು, ಮತ್ತೆ ಹೊಲಿದು ವಿಡಿಯೊ ಮಾಡು. ಕೇಳಲು ಸರಳ. ಆದರೆ ಸಂಕುಚಿಸದ 4ಕೆ ಫ್ರೇಮ್ ಒಂದಕ್ಕೆ ಸುಮಾರು 25 ಎಂಬಿ. ಎರಡೂವರೆ ತಾಸಿನ ಸಿನಿಮಾದ ಎಲ್ಲ ಫ್ರೇಮ್‌ಗಳಿಗೆ 5.6 ಟಿಬಿ. ಪಿಎನ್‌ಜಿಯಾಗಿ ಕುಗ್ಗಿಸಿಟ್ಟರೂ ಸಾಮಾನ್ಯ ಡಿಸ್ಕ್ ಏದುಸಿರು ಬಿಡುತ್ತದೆ. ನಡುನಡುವಿನ ಆವೃತ್ತಿಗಳು ಲಿನಕ್ಸ್‌ಗೆ ಕಂಟೇನರ್ ರೂಪದಲ್ಲಿ ಬಂದವು. 2024ರಲ್ಲಿ 6ನೆಯ ಆವೃತ್ತಿಗಾಗಿ ಎಲ್ಲವನ್ನೂ ಸಿ ಮತ್ತು ಸಿ++ನಲ್ಲಿ ಬುಡದಿಂದ ಬರೆಯಲಾಯಿತು. ಎಫ್‌ಎಫ್‌ಎಂಪೆಗ್ ಲೈಬ್ರರಿ ಫ್ರೇಮನ್ನು ಬಿಚ್ಚಿ ಮೆಮೊರಿಯಲ್ಲೇ ಕೊಡುತ್ತದೆ, ಎನ್‌ಸಿಎನ್‌ಎನ್ ವಲ್ಕನ್ ಮೂಲಕ ಹಿಗ್ಗಿಸುತ್ತದೆ, ಮತ್ತೆ ಎಫ್‌ಎಫ್‌ಎಂಪೆಗ್ ಅದನ್ನು ಕಟ್ಟುತ್ತದೆ. ಡಿಸ್ಕ್ ಮೇಲೆ ಕೊನೆಯ ಫೈಲಿಗಷ್ಟೇ ಜಾಗ ಬೇಕು. ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಕೋಡ್. ಲಿನಕ್ಸ್ ಪೋರ್ಟ್ ಪ್ರತ್ಯೇಕ ಯೋಜನೆಯಾಗಿ ಉಳಿಯಲೇ ಇಲ್ಲ. ಒಳ್ಳೆಯ ವಿನ್ಯಾಸದ ಜೊತೆಗೆ ತಾನಾಗಿ ಬಂತು.

ಕಿಟಕಿಯ ಕಥೆ ಬೇರೆ. ರೈಫ್ ಬಳಸಲು ವಿಂಡೋಸ್‌ನಲ್ಲಿ ಜನಪ್ರಿಯವಾದ ಫ್ಲೋಫ್ರೇಮ್ಸ್‌ನ ಮುಖ ಮೈಕ್ರೋಸಾಫ್ಟಿನ ವಿನ್‌ಫಾರ್ಮ್ಸ್‌ನಲ್ಲಿದೆ. ಡಾಟ್‌ನೆಟ್ ಲಿನಕ್ಸ್‌ಗೆ ಬಂದರೂ ವಿನ್‌ಫಾರ್ಮ್ಸ್ ಬರಲಿಲ್ಲ, ಹಾಗಾಗಿ ಫ್ಲೋಫ್ರೇಮ್ಸ್ ಕೂಡ ಬರಲಿಲ್ಲ. ಆ ಕೊರತೆ ತುಂಬಲು ಲಿನಕ್ಸ್‌ನಲ್ಲೇ ಹುಟ್ಟಿದ ರಿಯಲ್ ವಿಡಿಯೊ ಎನ್‌ಹ್ಯಾನ್ಸರ್ ಕ್ಯೂಟಿ ಎಂಬ ಬಹುವೇದಿಕೆಯ ಕಿಟಕಿ ಲೈಬ್ರರಿ ಬಳಸಿತು. ಮುಂದೆ ಅದೇ ವಿಂಡೋಸ್‌ಗೂ ಮ್ಯಾಕ್‌ಗೂ ಹೋಯಿತು.

ಪೋರ್ಟ್ ಮಾಡುವವರ ದಿನ ತಿನ್ನುವ ಕಿರಿಕಿರಿಗಳು ಇನ್ನೂ ಸಣ್ಣವು. ಮಾದರಿಯ ಫೈಲ್ ಹೆಸರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬದಲಾದರೆ ವಿಂಡೋಸ್ ಕಣ್ಣುಮುಚ್ಚಿಕೊಳ್ಳುತ್ತದೆ, ಲಿನಕ್ಸ್ ಒಪ್ಪುವುದಿಲ್ಲ. ಫೋಲ್ಡರ್ ದಾರಿಯ ಗೆರೆ ಒಂದರಲ್ಲಿ ಎಡಕ್ಕೆ ಓರೆ, ಇನ್ನೊಂದರಲ್ಲಿ ಬಲಕ್ಕೆ. ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ತಾಗುವ ತೊಡಕೊಂದಿದೆ. ವಿಂಡೋಸ್ ಹೆಸರುಗಳನ್ನು ಯುಟಿಎಫ್-16ರಲ್ಲಿ ಇಡುತ್ತದೆ, ಲಿನಕ್ಸ್‌ನಲ್ಲಿ ರೂಢಿ ಯುಟಿಎಫ್-8. ಸಿ ಭಾಷೆಯ ಅಗಲ ಅಕ್ಷರ ವಿಂಡೋಸ್‌ನಲ್ಲಿ 2 ಬೈಟ್, ಲಿನಕ್ಸ್‌ನಲ್ಲಿ 4 ಬೈಟ್. ಕನ್ನಡಕ್ಕೆ ವಿಂಡೋಸ್‌ನಲ್ಲಿ ಸಿಸ್ಟಂ ಮಟ್ಟದ ಹಳೆಯ ಕೋಡ್ ಪೇಜ್ (ಅಕ್ಷರಗಳ ಅಂಕಿಪಟ್ಟಿ) ಇರಲಿಲ್ಲ; ಯೂನಿಕೋಡ್ ತಿಳಿಯದ ತಂತ್ರಾಂಶಕ್ಕೆ ಕನ್ನಡ ಹೆಸರಿನ ಫೈಲ್ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇದನ್ನು ಸರಿಯಾಗಿ ನಿಭಾಯಿಸದ ಪೋರ್ಟ್ ಇಂಗ್ಲಿಷ್ ಹೆಸರುಗಳೊಂದಿಗೆ ಎಲ್ಲ ಪರೀಕ್ಷೆ ಪಾಸಾಗಿ, ಕನ್ನಡ ಹೆಸರಿನ ಮೊದಲ ಸಿನಿಮಾದಲ್ಲೇ ಮುಗ್ಗರಿಸಬಹುದು.

ಕೋಡ್ ಓಡಿದ ಮೇಲೆ ಹಂಚುವ ಸಮಸ್ಯೆ. ಲಿನಕ್ಸ್ ಎಂಬುದು ಒಂದಲ್ಲ. ಹೊಸ ಉಬುಂಟುವಿನಲ್ಲಿ ಕಂಪೈಲ್ ಮಾಡಿದ ಫೈಲ್ ಹಳೆಯ ಡೆಬಿಯನ್‌ನಲ್ಲಿ ತನಗೆ ಬೇಕಾದ ಜಿಲಿಬ್‌ಸಿ (ಬುಡದ ಸಿ ಲೈಬ್ರರಿ) ಆವೃತ್ತಿ ಇಲ್ಲವೆಂದು ಎದ್ದೇಳುವುದೇ ಇಲ್ಲ. ಆದ್ದರಿಂದಲೇ ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ ಬೇಕಾದ ಲೈಬ್ರರಿಗಳನ್ನು ಜೊತೆಗೇ ಒಯ್ಯುವ ಆ್ಯಪ್‌ಇಮೇಜ್, ಫ್ಲಾಟ್‌ಪ್ಯಾಕ್, ಡಾಕರ್ ಬಂದವು. ಗ್ರಾಫಿಕ್ಸ್ ಡ್ರೈವರ್ ಮಾತ್ರ ಆ ಗಂಟಿನಲ್ಲಿ ಹಿಡಿಯುವುದಿಲ್ಲ. ಫ್ಲಾಟ್‌ಪ್ಯಾಕ್ ಒಳಗಿನ ಎನ್‌ವಿಡಿಯಾ ಭಾಗದ ಆವೃತ್ತಿ ಹೊರಗಿನದರೊಂದಿಗೆ ತಾಳೆಯಾಗಲೇಬೇಕು.

ವಿಚಿತ್ರವೆಂದರೆ ವಿಡಿಯೊ ಕೆಲಸದ ಅತಿ ಶ್ರೀಮಂತ ತುದಿಯಲ್ಲಿ ಈ ಗೋಳು ಎಂದೋ ಬಗೆಹರಿದಿದೆ. 1997ರ ‘ಟೈಟಾನಿಕ್’ಗೆ ಡಿಜಿಟಲ್ ಡೊಮೈನ್ ಸಂಸ್ಥೆ ಆಲ್ಫಾ ಚಿಪ್‌ನ ಲಿನಕ್ಸ್ ಯಂತ್ರಗಳಲ್ಲಿ ದೃಶ್ಯಗಳನ್ನು ರೆಂಡರ್ ಮಾಡಿತ್ತು. ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳನ್ನು ಬಿಟ್ಟು ಲಿನಕ್ಸ್‌ಗೆ ಹೊರಳಿದವು. ಯಾವ ವರ್ಷ ಯಾವ ಜಿಲಿಬ್‌ಸಿ, ಯಾವ ಪೈಥಾನ್, ಯಾವ ಕ್ಯೂಟಿ ಎಂದು ಎಲ್ಲರೂ ಒಪ್ಪುವ ಪಟ್ಟಿಯನ್ನು ವಿಎಫ್‌ಎಕ್ಸ್ ರೆಫರೆನ್ಸ್ ಪ್ಲಾಟ್‌ಫಾರ್ಮ್ ಹೆಸರಲ್ಲಿ 2014ರಿಂದ ಪ್ರಕಟಿಸಲಾಗುತ್ತಿದೆ. ಸೂಪರ್ ಸ್ಕೇಲ್ ಎಂಬ ಹಿಗ್ಗಿಸುವ ಸೌಲಭ್ಯವಿರುವ ಡಾವಿಂಚಿ ರಿಸಾಲ್ವ್ ಲಿನಕ್ಸ್‌ನಲ್ಲಿ ಅಧಿಕೃತವಾಗಿಯೇ ಸಿಗುತ್ತದೆ. ಆದರೆ ಅದು ಸ್ಟುಡಿಯೊಗಳ ರಾಕಿ ಲಿನಕ್ಸ್‌ಗೆ ಹೊಲಿದ ಅಂಗಿ. ಲಿನಕ್ಸ್‌ನಲ್ಲಿ ಅದರ ಉಚಿತ ಆವೃತ್ತಿ ಬಹುಕಾಲ ಎಚ್.264 ವಿಡಿಯೊವನ್ನೇ ತೆರೆಯುತ್ತಿರಲಿಲ್ಲ.

ಆ ಕೊರತೆಯ ಬುಡದಲ್ಲಿರುವುದು ಪೇಟೆಂಟ್. ಹಿಗ್ಗಿಸಬೇಕಾದ ಹಳೆಯ ವಿಡಿಯೊ ಸಾಮಾನ್ಯವಾಗಿ ಎಂಪೆಗ್-2 ಅಥವಾ ಎಚ್.264ರಲ್ಲಿರುತ್ತದೆ, ಹಿಗ್ಗಿಸಿದ್ದನ್ನು ಎಚ್.265ರಲ್ಲಿ ಉಳಿಸಬೇಕೆನಿಸುತ್ತದೆ. ಎಂಪೆಗ್-2ರ ಅಮೆರಿಕದ ಪೇಟೆಂಟ್‌ಗಳು 2018ರಲ್ಲಿ ಮುಗಿದವು. ಉಳಿದೆರಡಕ್ಕೆ ಪರವಾನಗಿ ಶುಲ್ಕದ ಗೊಡವೆಯಿದೆ. ವಿಂಡೋಸ್‌ಗೆ ಅದನ್ನು ಕಟ್ಟಬಲ್ಲ ಒಡೆಯನಿದ್ದಾನೆ. ಉಚಿತವಾಗಿ ಹಂಚುವ ಲಿನಕ್ಸ್‌ಗೆ ಕಟ್ಟುವವರು ಯಾರು? 2022ರಲ್ಲಿ ಫೆಡೋರಾ ಎಂಬ ಲಿನಕ್ಸ್ ವಿತರಣೆ ತಾನು ಹಂಚುವ ಮೆಸಾ ಗ್ರಾಫಿಕ್ಸ್ ಡ್ರೈವರ್‌ನಿಂದ ಎಚ್.264, ಎಚ್.265ರ ಹಾರ್ಡ್‌ವೇರ್ ನೆರವನ್ನು ತೆಗೆದೇ ಹಾಕಿತು. ಬೇಕಾದವರು ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ತಂದುಕೊಳ್ಳಬೇಕು.

ಮಾರಾಟದ ತಂತ್ರಾಂಶಗಳು ಲಿನಕ್ಸ್ ಕಡೆ ತಿರುಗದಿರಲು ಮಾರುಕಟ್ಟೆಯ ಲೆಕ್ಕವೂ ಕಾರಣ. ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ಡೆಸ್ಕ್‌ಟಾಪ್‌ಗಳ ನಡುವೆ ಲಿನಕ್ಸ್ ಪಾಲು ಶೇ 4 ದಾಟಿದ್ದೇ 2024ರ ಫೆಬ್ರವರಿಯಲ್ಲಿ. ಟೋಪಾಜ್‌ನ ಉದಾಹರಣೆಯಲ್ಲಿ ಈ ಎಳೆದಾಟ ಕಾಣುತ್ತದೆ. 2022ರಲ್ಲಿ ವಿಡಿಯೊ ಎಐ ಎಂದು ಹೆಸರು ಬದಲಿಸಿದ ಅದರ ತಂತ್ರಾಂಶ ಒಳಗೊಳಗೆ ಎಫ್‌ಎಫ್‌ಎಂಪೆಗ್ ಮೇಲೆ ನಿಂತಿತು. ಕಂಪನಿಯ ಮಾದರಿಗಳು ಎಫ್‌ಎಫ್‌ಎಂಪೆಗ್‌ನ ಫಿಲ್ಟರ್‌ಗಳಾದವು. ಕಮಾಂಡ್ ಲೈನ್‌ನಿಂದಲೂ ಓಡಿಸಬಹುದಾಯಿತು. ಹೀಗೆ ಎಂಜಿನ್ ಮತ್ತು ಕಿಟಕಿ ಬೇರೆಯಾದ ಮೇಲೆ ಲಿನಕ್ಸ್‌ಗೆ ಪರೀಕ್ಷಾ ಆವೃತ್ತಿಗಳೂ ಬಂದವು. ಆದರೆ ವಿಂಡೋಸ್, ಮ್ಯಾಕ್ ಆವೃತ್ತಿಗಳ ಪಕ್ಕದ ಕುರ್ಚಿ ಅವಕ್ಕೆ ಸಿಗಲಿಲ್ಲ.

ಓಡುತ್ತಿರುವಾಗಲೇ ಹಿಗ್ಗಿಸುವ ವಿಭಾಗದಲ್ಲಿ ಸೋಲುಗೆಲುವು ಬೆರೆತಿದೆ. ಮ್ಯಾಡ್‌ವಿಆರ್ ಎಂಬ ಹೆಸರಾಂತ ರೆಂಡರರ್ ವಿಂಡೋಸ್‌ನ ಡೈರೆಕ್ಟ್‌ಶೋಗೆ ಅಂಟಿಕೊಂಡದ್ದು, ಲಿನಕ್ಸ್‌ಗೆ ಬರಲಿಲ್ಲ. ಎನ್‌ವಿಡಿಯಾ 2023ರ ಫೆಬ್ರವರಿಯಲ್ಲಿ ತಂದ ಆರ್‌ಟಿಎಕ್ಸ್ ವಿಡಿಯೊ ಸೂಪರ್ ರೆಸಲ್ಯೂಷನ್ ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ವಿಂಡೋಸ್‌ನ ಮೇಲಷ್ಟೇ ಕೆಲಸ ಮಾಡಿತು; ಅದು ಹಾದುಹೋಗುವ ಡೈರೆಕ್ಟ್‌ಎಕ್ಸ್ ದಾರಿ ಲಿನಕ್ಸ್ ಬ್ರೌಸರ್‌ಗೆ ಇಲ್ಲ. ಇನ್ನೊಂದು ಬದಿಯಲ್ಲಿ ಎಂಪಿವಿ ಪ್ಲೇಯರ್ ಇದೆ. ಬಳಕೆದಾರರೇ ಬರೆದ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳನ್ನು ಅದು ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಕಳಿಸುತ್ತದೆ. 2019ರ ಅನಿಮೆ4ಕೆ ಅಂಥದ್ದೇ ಶೇಡರ್‌ಗಳ ಕಟ್ಟು. ಎಂಪಿವಿ ಇದ್ದರೆ ಅದಕ್ಕೆ ಬೇರೆ ಪೋರ್ಟ್ ಬೇಕಿಲ್ಲ. ಎಂಪಿವಿಯ ರೆಂಡರಿಂಗ್ ಕೋಡ್ ಲಿಬ್‌ಪ್ಲಸೀಬೊ ಎಂಬ ಲೈಬ್ರರಿಯಾಗಿ ಹೊರಬಂದು ಎಫ್‌ಎಫ್‌ಎಂಪೆಗ್ ಫಿಲ್ಟರ್ ಕೂಡ ಆಗಿದೆ. ಎಎಮ್‌ಡಿ 2021ರಲ್ಲಿ, ಆಟಗಳ ಚಿತ್ರ ಹಿಗ್ಗಿಸುವ ತನ್ನ ಎಫ್‌ಎಸ್‌ಆರ್ ಕೋಡನ್ನು ಎಂಐಟಿ ಪರವಾನಗಿಯಡಿ ತೆರೆದದ್ದೇ ತಡ, ಹವ್ಯಾಸಿಗಳು ಅದನ್ನು ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ಗೂ ಎಂಪಿವಿಗೂ ಹೊಂದಿಸಿಬಿಟ್ಟರು.

ಹೊಸ ಅಲೆ, ಗದ್ದಲದಿಂದ ಹಂತಹಂತವಾಗಿ ಚಿತ್ರ ಮೂಡಿಸುವ ಡಿಫ್ಯೂಷನ್ ಮಾದರಿಗಳದು. ಟೋಪಾಜ್ 2025ರಲ್ಲಿ ಸ್ಟಾರ್‌ಲೈಟ್ ಎಂಬುದನ್ನು ಮೊದಲು ಕ್ಲೌಡ್‌ನಲ್ಲಿ ಬಿಟ್ಟಿತು. ಮನೆಯ ಕಂಪ್ಯೂಟರಿಗೆ ಅದು ಅಷ್ಟು ಭಾರ. ಅದೇ ವರ್ಷ ಬೈಟ್‌ಡ್ಯಾನ್ಸ್ ಸಂಶೋಧಕರ ಸೀಡ್‌ವಿಆರ್ ಮುಕ್ತ ಕೋಡಾಗಿ ಬಂತು. ಹಳೆಯ ಕಥೆಯೇ ಮರುಕಳಿಸಿದೆ: ಪೈಟಾರ್ಚ್ ಕೋಡ್ ಲಿನಕ್ಸ್‌ನಲ್ಲಿ ಮೊದಲ ದಿನದಿಂದ ಓಡುತ್ತದೆ, ಗುಂಡಿಯೊತ್ತಿ ಬಳಸುವ ರೂಪಕ್ಕೆ ಕಾಯಬೇಕಾಗುತ್ತದೆ.

ಕನ್ನಡದ ಮಟ್ಟಿಗೆ ಇದರಿಂದ ಏನು ದಕ್ಕೀತು ಎಂಬುದಕ್ಕೆ ಮಿತಿಗಳನ್ನು ಮೊದಲು ಹೇಳಬೇಕು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ದ 4ಕೆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಲ್ಲಿ ಫಿಲ್ಮನ್ನೇ ಸ್ಕ್ಯಾನ್ ಮಾಡಿ ದುರಸ್ತಿಪಡಿಸಲಾಗಿತ್ತು. ವಿವರಗಳು ನಿಜವಾಗಿಯೂ ಫಿಲ್ಮಿನಲ್ಲಿದ್ದವು. ನೆಗೆಟಿವ್ ಹಾಳಾಗಿ ವಿಸಿಡಿಯೊಂದೇ ಉಳಿದ ಚಿತ್ರಕ್ಕೆ ಆ ಭಾಗ್ಯವಿಲ್ಲ. 288 ಗೆರೆಗಳ ಫ್ರೇಮಿನಲ್ಲಿ ಹೆಸರು ತೋರಿಸುವ ಪಟ್ಟಿಯ ಒತ್ತಕ್ಷರಕ್ಕೆ ಸಿಗುವುದು ಬೆರಳೆಣಿಕೆಯ ಪಿಕ್ಸೆಲ್‌ಗಳು. ಕನ್ನಡ ಲಿಪಿಯನ್ನು ಹೆಚ್ಚು ನೋಡಿರದ ಮಾದರಿ ಅಲ್ಲಿ ಬರೆಯುವ ಗೆರೆ ಅಕ್ಷರವಾಗುವ ಖಾತ್ರಿಯಿಲ್ಲ.

ಮಾರಾಟದ ತಂತ್ರಾಂಶದಲ್ಲಿ ಇದಕ್ಕೆ ಕಂಪನಿಗೆ ದೂರು ಬರೆಯುವುದಷ್ಟೇ ದಾರಿ. ರಿಯಲ್-ಇಎಸ್‌ಆರ್‌ಗ್ಯಾನ್‌ನಲ್ಲಿ ಹಾಗಲ್ಲ, ತರಬೇತಿಯ ಕೋಡ್ ಕೂಡ ತೆರೆದಿದೆ. ಚೊಕ್ಕ ಚಿತ್ರಗಳನ್ನು ಬೇಕೆಂದೇ ಮಸುಕು ಮಾಡಿ, ಗದ್ದಲ ಬೆರೆಸಿ, ಕುಗ್ಗಿಸಿ ಕೆಡಿಸುವುದು, ಕೆಟ್ಟದ್ದರಿಂದ ಚೊಕ್ಕದ್ದಕ್ಕೆ ಮರಳುವುದನ್ನು ನೆಟ್‌ವರ್ಕ್‌ಗೆ ಕಲಿಸುವುದು ಅದರ ಕ್ರಮ. ಬೇರೆ ಬೇರೆ ಫಾಂಟ್‌ಗಳ ಕನ್ನಡ ಶೀರ್ಷಿಕೆಗಳನ್ನು ಎಫ್‌ಎಫ್‌ಎಂಪೆಗ್‌ನಿಂದ ವಿಸಿಡಿಯ ಎಂಪೆಗ್-1 ರೂಪಕ್ಕೆ ಇಳಿಸಿದರೆ ಬೇಕಾದಷ್ಟು ಪಾಠದ ಜೋಡಿಗಳು ಸಿಗುತ್ತವೆ. ಇದ್ದ ಮಾದರಿಯನ್ನು ಅವುಗಳ ಮೇಲೆ ಪಳಗಿಸಿ, ಎನ್‌ಸಿಎನ್‌ಎನ್ ರೂಪಕ್ಕೆ ಬದಲಿಸಿದರೆ ಇಂಟೆಲ್ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲೂ ನಿಧಾನವಾಗಿಯಾದರೂ ಓಡುತ್ತದೆ. ಈ ಸರಣಿಯ ಪ್ರತಿ ಉಪಕರಣವೂ ಲಿನಕ್ಸ್‌ನಲ್ಲಿ ಈಗಲೇ ಇದೆ. ಉಳಿದಿರುವ ಕೆಲಸ, ಶೀರ್ಷಿಕೆಗಳನ್ನು ಕಲೆಹಾಕಿ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನು ಕೆಲವು ದಿನ ದುಡಿಸುವುದು.